ಟ್ಯಾಕ್ಸ್‌ಗೆ ಹೆದರಿದ ಡಾಕ್ಟರುಗಳು

ಫೆಬ್ರವರಿ ಬಂತೆಂದರೆ ಏಪ್ರಿಲ್ ಮಧ್ಯದ ತನಕ ನನ್ನ ಆಫೀಸಿನಲ್ಲಿ ಯಾರಾದರೊಬ್ಬ ಡಾಕ್ಟರು ಹೆದರಿ ಬೆವರದ ವಾರವೇ ಇಲ್ಲ. ವರ್ಷ ಬದಲಾಗುತ್ತದೆ, ಡಾಕ್ಟರು ಬದಲಾಗುತ್ತಾರೆ, ಬೆವರು ಮಾತ್ರ ಅದೇ.

ನನ್ನ ಆಫೀಸು ಅಂದರೆ ದೊಡ್ಡದೇನಲ್ಲ. ಕ್ಯಾಲಿಫೋರ್ನಿಯಾದ ಯೂನಿಯನ್ ಸಿಟಿಯಲ್ಲಿ ಇಂಡಿಯನ್ ಗ್ರೋಸರಿಯ ಪಕ್ಕದ ಒಂದೇ ಒಂದು ಕೋಣೆ. ಜನರ ಟ್ಯಾಕ್ಸ್ ರಿಟರ್ನ್ ತುಂಬಿಕೊಡುವುದು ನನ್ನ ಕೆಲಸ. ಮದುವೆಗೆ ಮೊದಲು ಮೈಸೂರಿನಲ್ಲಿ ಒಬ್ಬ ಆಡಿಟರ ಬಳಿ ಇದ್ದೆ. ಇಲ್ಲಿಗೆ ಬಂದು ಮಕ್ಕಳು ಸ್ಕೂಲಿಗೆ ಹೋಗಲು ಶುರು ಮಾಡಿದ ಮೇಲೆ ಇಲ್ಲಿನ ಪರೀಕ್ಷೆ ಕಟ್ಟಿ ಬೋರ್ಡು ಹಾಕಿಕೊಂಡೆ. ಮೊದಲಿಗೆ ಬರುತ್ತಿದ್ದವರೆಲ್ಲ ಸಾಫ್ಟ್‌ವೇರಿನವರು. ಆಮೇಲೆ ಒಮ್ಮೆ ಕರಿಬೇವು ಕೊಳ್ಳಲು ಗ್ರೋಸರಿಗೆ ಬಂದ ಒಬ್ಬ ರೆಸಿಡೆಂಟ್ ಡಾಕ್ಟರು ನನ್ನ ಬೋರ್ಡು ನೋಡಿ ಒಳಗೆ ಬಂದ. ರೆಸಿಡೆಂಟ್ ಅಂದರೆ ಡಾಕ್ಟರಿ ಓದು ಮುಗಿಸಿ, ಆಸ್ಪತ್ರೆಯಲ್ಲಿ ಸಂಬಳಕ್ಕೆ ದುಡಿಯುತ್ತಲೇ ತರಬೇತಿ ಪಡೆಯುವವರು. ಆತ ತನ್ನ ಜೊತೆಯವರಿಗೆ ಹೇಳಿದ, ಅವರು ಇನ್ನಷ್ಟು ಜನಕ್ಕೆ ಹೇಳಿದರು. ಈಗ ಅರ್ಧ ಗಿರಾಕಿಗಳು ಅವರೇ. ಎಲ್ಲರಿಗೂ ನಾನು ಆಂಟಿ.

ಎಲ್ಲರೂ ಬಂದು ಕೇಳುವ ಮೊದಲ ಪ್ರಶ್ನೆಯೂ ಒಂದೇ. "ಆಂಟಿ, ನನ್ನ ಪರೀಕ್ಷೆ ಖರ್ಚನ್ನ ಟ್ಯಾಕ್ಸಲ್ಲಿ ಕಳೀಬಹುದಾ?"

ಪಾಪ, ಕೇಳುವುದರಲ್ಲಿ ತಪ್ಪೇನಿಲ್ಲ. ಒಂದೊಂದು ಪರೀಕ್ಷೆಯ ಫೀಸಿಗೆ ನಮ್ಮೂರಲ್ಲಿ ಒಂದು ಸಣ್ಣ ಮದುವೆ ಮಾಡಬಹುದು. ನಾನು ಪ್ರತಿ ಸಲವೂ ಹೇಳುತ್ತೇನೆ: ಡಾಕ್ಟರಾಗುವುದಕ್ಕೆ ಬರೆದ ಪರೀಕ್ಷೆಯ ಖರ್ಚನ್ನು ಆದಾಯದಿಂದ ಕಳೆಯಲು ಬರುವುದಿಲ್ಲ. ಡಾಕ್ಟರಾದ ಮೇಲೆ, ಇರುವ ಕೆಲಸಕ್ಕಾಗಿಯೇ ಮಾಡಿದ ಕೋರ್ಸು, ಬರೆದ ಪರೀಕ್ಷೆಯ ಖರ್ಚಾದರೂ ಸಂಬಳದವರಿಗೆ ಕೇಂದ್ರ ಸರ್ಕಾರ ಈಗ ಒಪ್ಪುವುದಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯ ಒಪ್ಪುತ್ತದೆ, ಅದಕ್ಕೂ ಷರತ್ತುಗಳಿವೆ. ಅವರು ತಲೆಯಾಡಿಸುತ್ತಾ ಕೇಳುತ್ತಾರೆ. ಕೇಳಿ ಮುಗಿದ ಮೇಲೆ ಎರಡನೇ ಪ್ರಶ್ನೆ, ಸ್ವಲ್ಪ ಸಣ್ಣ ದನಿಯಲ್ಲಿ.

"ತಪ್ಪಾದ್ರೆ ಜೈಲಿಗೆ ಹಾಕ್ತಾರಾ?"

೧. ಒಡೆಯದ ಲಕೋಟೆ

ಸರ್ಜರಿ ಕಲಿಯುತ್ತಿದ್ದ ಹುಡುಗ. ಆರಡಿಗಿಂತ ಎತ್ತರ. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದವನು ಕೂರಲೂ ಇಲ್ಲ. ಜಾಕೆಟ್ಟಿನ ಒಳಜೇಬಿನಿಂದ ಒಂದು ಲಕೋಟೆ ತೆಗೆದು, ಎರಡು ಬೆರಳಿನಲ್ಲಿ ತುದಿ ಹಿಡಿದು, ನನ್ನ ಮೇಜಿನ ಮೇಲೆ ಇಟ್ಟ. ತೆರಿಗೆ ಇಲಾಖೆಯ ಲಕೋಟೆ. ಒಡೆದಿರಲಿಲ್ಲ.

"ಯಾವಾಗ ಬಂತು?"

"ಮೂರು ವಾರ ಆಯ್ತು ಆಂಟಿ."

"ಮೂರು ವಾರ ಒಡೀದೇ ಇಟ್ಕೊಂಡಿದ್ದೀಯಾ?"

"ಒಡೀಬೇಕು ಅಂತ ದಿನಾ ಕೈಗೆ ತಗೋತೀನಿ. ಕೈ ನಡುಗತ್ತೆ. ನನ್ನ ಕೈ ಯಾವತ್ತೂ ನಡುಗಿಲ್ಲ ಆಂಟಿ. ನಿನ್ನೆ ಬೆಳಿಗ್ಗೆ ಒಬ್ಬರ ಹೊಟ್ಟೆ ಕೊಯ್ದು ಪಿತ್ತಕೋಶ ತೆಗೆದಿದೀನಿ. ದೊಡ್ಡ ಡಾಕ್ಟರು ಭೇಷ್ ಅಂದ್ರು. ಈ ಲಕೋಟೆ ಕೊಯ್ಯೋಕೆ ಮಾತ್ರ ಆಗ್ತಿಲ್ಲ."

ಲಕೋಟೆಯನ್ನು ಮನೆಯಲ್ಲಿಟ್ಟರೆ ನಿದ್ದೆ ಬರುವುದಿಲ್ಲವೆಂದು ಕಾರಿನಲ್ಲಿ ಇಟ್ಟಿದ್ದನಂತೆ. ಕಾರಿನಲ್ಲಿಟ್ಟರೆ ಫ್ರೀವೇಯಲ್ಲಿ ಗಾಡಿ ಓಡಿಸಲು ಹೆದರಿಕೆಯಾಗಿ ಆಸ್ಪತ್ರೆಯ ಲಾಕರಿಗೆ ಸಾಗಿಸಿದ್ದನಂತೆ. ಅಲ್ಲಿಂದ ಈಗ ನನ್ನ ಮೇಜಿಗೆ ಬಂದಿತ್ತು.

ನನಗೂ ಹೆದರಿಕೆಯಾಯಿತು, ಸುಳ್ಳು ಹೇಳಬಾರದು. ಆದರೆ ಗಿರಾಕಿಯ ಮುಂದೆ ತೋರಿಸಿಕೊಳ್ಳುವ ಹಾಗಿಲ್ಲ. ಕತ್ತರಿ ತೆಗೆದೆ. ಅವನು ಗೋಡೆಯ ಕಡೆ ಮುಖ ಮಾಡಿ ನಿಂತ. "ನೋವಾಗುವ ಹಾಗಿದ್ರೆ ಮೊದ್ಲೇ ಹೇಳಿ," ಅಂದ.

ಒಡೆದು ಓದಿದೆ. ಎರಡು ಸಲ ಓದಿದೆ.

"ನೀನು ಇವರಿಗೆ ಏನಾದ್ರೂ ಬರೆದಿದ್ಯೇನಪ್ಪ?"

ಬರೆದಿದ್ದ. ಹೋದ ವರ್ಷ ತಾನೇ ರಿಟರ್ನ್ ತುಂಬಿ ಕಳಿಸಿದವನಿಗೆ, ಕಳಿಸಿದ ಮೇಲೆ ಅನುಮಾನ ಶುರುವಾಗಿತ್ತಂತೆ. ತನ್ನಿಂದ ಎಲ್ಲೋ ತಪ್ಪಾಗಿರಬಹುದು, ಏನು ತಪ್ಪೆಂದು ತನಗೆ ಗೊತ್ತಿಲ್ಲ, ಏನೇ ಆಗಿದ್ದರೂ ಬೇಕೆಂದು ಮಾಡಿದ್ದಲ್ಲ, ದಯವಿಟ್ಟು ಕ್ಷಮಿಸಬೇಕು ಎಂದು ಇಲಾಖೆಗೆ ಎರಡು ಪುಟದ ಕಾಗದ ಬರೆದಿದ್ದ.

"ಅದಕ್ಕೆ ಉತ್ತರ ಇದು," ಅಂದೆ. "ನಿಮ್ಮ ಪತ್ರ ಬಂದಿದೆ, ಅದನ್ನು ನೋಡಿ ಉತ್ತರ ಕೊಡೋಕೆ ನಮಗೆ ಇನ್ನೂ ಅರವತ್ತು ದಿನ ಬೇಕು ಅಂತ ಬರೆದಿದ್ದಾರೆ."

ಅವನು ನಿಧಾನಕ್ಕೆ ಈ ಕಡೆ ತಿರುಗಿದ. ಕಾಗದ ಇಸಿದುಕೊಂಡು ತಾನೇ ಓದಿದ. ಮುಖಕ್ಕೆ ರಕ್ತ ವಾಪಸ್ ಬಂತು. ಕುರ್ಚಿ ಎಳೆದು ಕೂತ.

"ಪಾಪ ಆಂಟಿ," ಅಂದ. "ನನ್ನ ಲಕೋಟೆ ಒಡೆಯೋಕೆ ಅವರಿಗೂ ಧೈರ್ಯ ಸಾಕಾಗಿಲ್ಲ!"

೨. ಮೂರನೇ ಪೀಸು

ಇವನು ಮಕ್ಕಳ ಡಾಕ್ಟರಾಗಲು ತರಬೇತಿಯಲ್ಲಿದ್ದ. ಇಂಥ ಪ್ರಾಮಾಣಿಕನನ್ನು ನಾನು ಎಲ್ಲೂ ನೋಡಿಲ್ಲ, ಇನ್ನೊಬ್ಬ ಬಂದರೆ ನನ್ನ ಕೈಲಿ ತಡೆಯಲೂ ಆಗುವುದಿಲ್ಲ. ಅವನ ಹೆದರಿಕೆ ಬೇರೆ ಥರದ್ದು. ಬೇರೆಯವರು ಖರ್ಚು ಹೆಚ್ಚಾಗಿ ತೋರಿಸಿಬಿಟ್ಟೆನೇನೋ ಎಂದು ಹೆದರಿದರೆ, ಇವನು ಆದಾಯ ಮುಚ್ಚಿಟ್ಟುಬಿಟ್ಟೆನೇನೋ ಎಂದು ಹೆದರುತ್ತಿದ್ದ.

ಒಂದು ಪುಟ್ಟ ನೋಟ್‌ಬುಕ್ಕು ತೆಗೆದ. ತಾರೀಖು ಹಾಕಿ ಸಾಲಾಗಿ ಬರೆದಿದ್ದ. "ಒಂದು ಮಗುವಿನ ಅಜ್ಜಿ ಕೊಟ್ಟ ಉಣ್ಣೆ ಟೋಪಿ. ಇನ್ನೊಂದು ಮಗು ಬಿಡಿಸಿಕೊಟ್ಟ ಆನೆ ಚಿತ್ರ. ಇದಕ್ಕೆ ಎಷ್ಟು ಬೆಲೆ ಹಾಕೋದು ಅಂತ ಗೊತ್ತಾಗ್ಲಿಲ್ಲ ಆಂಟಿ, ಖಾಲಿ ಬಿಟ್ಟಿದೀನಿ."

"ಆನೆ ಚಿತ್ರಕ್ಕೆ ಟ್ಯಾಕ್ಸ್ ಇಲ್ಲ ಮಗ."

"ಸರಿ. ಮುಂದಿನದೇ ದೊಡ್ಡದು." ಗುಟುಕು ನೀರು ಕುಡಿದ. "ಆಸ್ಪತ್ರೇಲಿ ಪ್ರತಿ ಮಧ್ಯಾಹ್ನ ನಮಗೆ ಟ್ರೈನಿಂಗ್ ಲೆಕ್ಚರ್ ಇರತ್ತೆ. ಲೆಕ್ಚರಿಗೆ ಬಂದೋರಿಗೆಲ್ಲ ಪಿಜ್ಜಾ ಕೊಡ್ತಾರೆ. ಟ್ರೈನಿಂಗ್ ಖರ್ಚನ್ನ ಕಳೆಯೋ ಹಾಗಿಲ್ಲ ಅಂದ್ರಿ. ಅಂದ್ಮೇಲೆ ಟ್ರೈನಿಂಗಲ್ಲಿ ಬಂದಿದ್ದನ್ನ ಸೇರಿಸಬೇಕಲ್ವಾ? ಇಡೀ ವರ್ಷದ್ದು ಬರೆದಿಟ್ಟಿದೀನಿ. ಚೀಸಿನದು ಒಂದು ಕಡೆ, ತರಕಾರಿದು ಒಂದು ಕಡೆ."

ನಾನು ನಗಬಾರದೆಂದು ಕೆಳತುಟಿ ಕಚ್ಚಿಕೊಂಡೆ. ಅವನಿಗೆ ಮಾತ್ರ ಇದು ನಗುವ ವಿಷಯವೇ ಆಗಿರಲಿಲ್ಲ. ಹಣೆಯಲ್ಲಿ ಬೆವರಿತ್ತು. ವರ್ಷದ ಮೊದಲಲ್ಲೇ ಯಾರೋ ಸೀನಿಯರ್ ಒಬ್ಬರು ತಮಾಷೆಗೆ, "ಇದನ್ನೂ ಟ್ಯಾಕ್ಸಲ್ಲಿ ತೋರಿಸಬೇಕು, ಗೊತ್ತಲ್ಲ?" ಅಂದಿದ್ದರಂತೆ. ಅವತ್ತಿನಿಂದ ಇವನು ತಿಂದ ಪೀಸನ್ನೆಲ್ಲ ಬರೆದಿಡಲು ಶುರು ಮಾಡಿದ್ದ. ಮನೆಯಲ್ಲಿ ಅಪ್ಪ ಅಮ್ಮ ಇವನ ಓದಿಗೆಂದು ಬ್ಯಾಂಕಿನಲ್ಲಿ ಸಾಲ ತೆಗೆದವರು. ತನ್ನಿಂದ ಅವರಿಗೆ ಕೆಟ್ಟ ಹೆಸರು ಬಂದರೆ ಏನು ಗತಿ ಎಂದು ಯೋಚಿಸಿ ಯೋಚಿಸಿ ಸೊರಗಿದ್ದ.

ಸಮಾಧಾನವಾಗಿ ಬಿಡಿಸಿ ಹೇಳಿದೆ. ಕೆಲಸದ ಜಾಗದಲ್ಲಿ ಮೀಟಿಂಗಿಗೆ ತರಿಸಿದ ಅಂಥ ಸಣ್ಣಪುಟ್ಟ ತಿಂಡಿಯನ್ನು ಯಾರೂ ಆದಾಯ ಅನ್ನುವುದಿಲ್ಲ, ನಿನ್ನ ನೋಟ್‌ಬುಕ್ಕು ಮುಚ್ಚಿಡು, ಯಾರೂ ಕೇಳುವುದಿಲ್ಲ.

"ಗ್ಯಾರಂಟಿನಾ ಆಂಟಿ?"

"ಗ್ಯಾರಂಟಿ."

"ಬರೆದುಕೊಡ್ತೀರಾ?"

ಬರೆದುಕೊಟ್ಟೆ. ಇವರು ಪಿಜ್ಜಾ ತಿನ್ನಲು ಅಡ್ಡಿಯಿಲ್ಲ ಎಂದು ನನ್ನ ಲೆಟರ್‌ಹೆಡ್ಡಿನ ಮೇಲೆ ಬರೆದು ಸಹಿ ಹಾಕಿದೆ. ಅವನು ಅದನ್ನು ಮಡಿಚಿ ಜೇಬಿಗಿಟ್ಟುಕೊಂಡ. ಅವನ ಕಣ್ಣು ತುಂಬಿ ಬಂತು. ನೆಮ್ಮದಿಗೆ ಅಂದುಕೊಂಡೆ.

"ಅಯ್ಯೋ ಆಂಟಿ," ಅಂದ. "ಟ್ಯಾಕ್ಸ್ ಬೀಳತ್ತೆ ಅಂತ ಇಡೀ ವರ್ಷ ಮೂರನೇ ಪೀಸೇ ಮುಟ್ಟಿರ್ಲಿಲ್ವಲ್ಲಾ!"

೩. ಈಡುಗಾಯಿ

ಇದು ಸ್ವಲ್ಪ ಗಂಭೀರವಾದ ಕೇಸು. ಎರಡನೇ ವರ್ಷದ ರೆಸಿಡೆಂಟ್ ಹುಡುಗಿ, ಜೊತೆಯಲ್ಲಿ ಮೈಸೂರಿನಿಂದ ಬಂದಿದ್ದ ಅವಳ ತಾಯಿ. ಹುಡುಗಿ ಅತ್ತೂ ಅತ್ತೂ ಕಣ್ಣು ಊದಿಸಿಕೊಂಡಿದ್ದಳು. ತಾಯಿ ತೊಡೆಯ ಮೇಲೆ ಒಂದು ಬಿಸ್ಕತ್ತಿನ ಡಬ್ಬ ಇಟ್ಟುಕೊಂಡು ನೆಟ್ಟಗೆ ಕೂತಿದ್ದರು.

ಆಗಿದ್ದಿಷ್ಟು. ಹಿಂದಿನ ವರ್ಷ ಇವಳ ರಿಟರ್ನನ್ನು ಮೆನ್ಲೋ ಪಾರ್ಕಿನಲ್ಲಿ ಕೆಲಸ ಮಾಡುವ ದೊಡ್ಡಮ್ಮನ ಮಗ ತುಂಬಿಕೊಟ್ಟಿದ್ದ. ಇಂಜಿನಿಯರು, ಬುದ್ಧಿವಂತ. ಪರೀಕ್ಷೆಯ ಫೀಸು, ಪುಸ್ತಕ, ಪರೀಕ್ಷೆ ಬರೆಯಲು ಬೇರೆ ಊರಿಗೆ ಹೋದ ವಿಮಾನದ ಟಿಕೆಟ್ಟು ಎಲ್ಲವನ್ನೂ ಕಳೆಯಲು ಅವನಿಗೊಂದು ಉಪಾಯ ಹೊಳೆದಿತ್ತು. ಇವಳಿಗೆ ಸ್ವಂತ ಬಿಸಿನೆಸ್ಸು ಇದೆ ಎಂದು ಬರೆದುಬಿಟ್ಟಿದ್ದ. ಬಿಸಿನೆಸ್ಸಿನ ಹೆಸರಿಗೂ ಇವಳ ಹೆಸರನ್ನೇ ಹಾಕಿದ್ದ. ಇವಳು ನೋಡದೆ ಸಹಿ ಹಾಕಿದ್ದಳು. ಈಗ ಜೊತೆಯವರ ಹತ್ತಿರ ಮಾತಾಡುವಾಗ ಅದು ತಪ್ಪೆಂದು ಗೊತ್ತಾಗಿತ್ತು.

"ನನ್ನ ಲೈಸೆನ್ಸು ಹೋಗತ್ತೆ ಆಂಟಿ," ಅಂದಳು. "ಇಷ್ಟು ವರ್ಷ ಓದಿದ್ದು ಎಲ್ಲಾ ಹೋಗತ್ತೆ. ಫೋನ್ ರಿಂಗ್ ಆದ್ರೆ ಎತ್ತೋದೇ ಇಲ್ಲ. ನಿನ್ನೆ ರೌಂಡ್ಸಲ್ಲಿ ಒಬ್ಬರು ನನ್ನ ಹೆಸರು ಕರೆದ್ರು, ನಾನು ಅಲ್ಲೇ ಕೈ ಮುಗಿದುಬಿಟ್ಟೆ."

ಅವಳ ಕೈ ಹಿಡಿದು ಕೂರಿಸಿಕೊಂಡೆ. ತಪ್ಪು ನಿಜ, ಆದರೆ ತಿದ್ದಲು ದಾರಿ ಇದೆ. ತಿದ್ದಿದ ರಿಟರ್ನ್ ನಾವಾಗಿಯೇ ಕಳಿಸೋಣ, ಹೆಚ್ಚಿಗೆ ಪಡೆದದ್ದನ್ನು ಬಡ್ಡಿ ಸಮೇತ ವಾಪಸ್ ಕಟ್ಟೋಣ. ಅವರು ಕೇಳುವ ಮೊದಲೇ ನಾವು ಹೇಳಿದರೆ ಇಂಥದ್ದು ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ ಅಂದೆ.

ಅಷ್ಟರಲ್ಲಿ ತಾಯಿ ಡಬ್ಬದ ಮುಚ್ಚಳ ತೆಗೆದರು. "ಹಾಗಾದ್ರೆ ಇವನ್ನೂ ಒಂದ್ಸಲ ನೋಡಿಬಿಡಿ. ಆ ಇಂಜಿನಿಯರ್ ಇವನ್ನ ಮುಟ್ಟಲೇ ಇಲ್ಲ."

ಡಬ್ಬದ ತುಂಬ ರಸೀದಿ, ಎಲ್ಲವೂ ದೇವಸ್ಥಾನದ್ದು.

"ಇದೇನಮ್ಮ?"

"ಅರ್ಚನೆ, ಅಭಿಷೇಕ, ಈಡುಗಾಯಿ. ಇವಳ ಮೂರು ಪರೀಕ್ಷೆಗೂ ಒಡೆಸಿದೀನಿ. ಇದೂ ಪರೀಕ್ಷೆ ಖರ್ಚೇ ಅಲ್ವಾ?"

"ಇದನ್ನ ಕಳೆಯೋಕೆ ಬರಲ್ಲಮ್ಮ."

"ಯಾಕೆ ಬರಲ್ಲ? ಕೋಚಿಂಗಿಗೆ ಅಷ್ಟು ಸುರಿದಳು, ಮೊದಲನೇ ಸಲ ಪಾಸಾಗ್ಲಿಲ್ಲ. ಈಡುಗಾಯಿ ಒಡೆಸಿದ್ಮೇಲೆ ಪಾಸಾದಳು."

"ಕೋಚಿಂಗೂ ಬರಲ್ಲಮ್ಮ. ಅದು ಡಾಕ್ಟರಾಗೋಕೆ ಮಾಡಿದ ಖರ್ಚು. ಡಾಕ್ಟರಾದ ಮೇಲೆ ಮಾಡಿದ್ದಲ್ಲ."

ತಾಯಿ ಮಗಳ ಕಡೆ ತಿರುಗಿದರು. "ನೋಡು, ಮೊದಲು ಡಾಕ್ಟರಾಗಿಬಿಟ್ಟು ಆಮೇಲೆ ಓದಬೇಕಿತ್ತಂತೆ."

ಅಳುತ್ತಿದ್ದ ಹುಡುಗಿ ಆಗ ಮೊದಲ ಸಲ ನಕ್ಕಳು. ಒಂದು ವಾರದಲ್ಲಿ ತಿದ್ದಿದ ರಿಟರ್ನ್ ತಯಾರಾಯಿತು. ಸಹಿ ಹಾಕುವಾಗ ಅವಳ ಕೈ ಎಷ್ಟು ನಡುಗಿತೆಂದರೆ ಆ ಸಹಿ ನಿಜವಾಗಿಯೂ ಡಾಕ್ಟರ ಸಹಿಯ ಹಾಗೆಯೇ ಬಂತು. ಒಂದೆರಡು ತಿಂಗಳ ಮೇಲೆ ಇಲಾಖೆಯಿಂದ ಎಲ್ಲ ಸರಿಯಿದೆ ಎಂಬ ಕಾಗದವೂ ಬಂತು. ತಾಯಿ ಮಗಳು ಹಣ್ಣು ತೆಗೆದುಕೊಂಡು ಬಂದರು. ಹೊರಡುವಾಗ ತಾಯಿ ಬಾಗಿಲ ಹತ್ತಿರ ನಿಂತು ನನ್ನನ್ನು ಒಂದು ಪಕ್ಕಕ್ಕೆ ಕರೆದರು.

"ಈ ಟ್ಯಾಕ್ಸಿನ ಗಂಡಾಂತರ ಕಳೀಲಿ ಅಂತ ಇನ್ನೊಂದು ನೂರೊಂದು ಈಡುಗಾಯಿ ಹೇಳ್ಕೊಂಡಿದ್ದೆ," ಅಂದರು. "ಅದು ಪರೀಕ್ಷೆ ಖರ್ಚಲ್ಲ ಬಿಡಿ. ಟ್ಯಾಕ್ಸ್ ಖರ್ಚು ತಾನೇ? ಅದನ್ನಾದ್ರೂ ಕಳೀರಿ!"

೪. ಹತ್ತು ಎಣಿಸಿ

ಮನೋವೈದ್ಯಕೀಯ ಕಲಿಯುತ್ತಿದ್ದ ಈ ಡಾಕ್ಟರ ದನಿ ಬಹಳ ಮೆತ್ತಗೆ. ಕೇಳಿದರೆ ನಮಗೇ ನಿದ್ದೆ ಬರಬೇಕು, ಅಂಥ ದನಿ. ಒಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ಫೋನ್ ಮಾಡಿದರು.

"ಆಂಟಿ, ಒಂದೇ ಒಂದು ಸಣ್ಣ ಪ್ರಶ್ನೆ. ದಂಡವನ್ನ ಗಿಫ್ಟ್ ಕಾರ್ಡಲ್ಲಿ ಕಟ್ಟಿದ್ರೆ ಅದನ್ನ ಪರೀಕ್ಷೆ ಖರ್ಚಿನ ಜೊತೆ ಸೇರಿಸಬಹುದಾ?"

ನಾನು ಕುಡಿಯುತ್ತಿದ್ದ ಕಾಫಿ ಕೆಳಗಿಟ್ಟೆ. "ಯಾವ ದಂಡ? ಯಾವ ಗಿಫ್ಟ್ ಕಾರ್ಡು? ನೀವೀಗ ಎಲ್ಲಿದ್ದೀರಾ?"

"ಎಮರಿವಿಲ್‌ನಲ್ಲಿ, ಅಂಗಡೀಲಿ, ಕ್ಯೂನಲ್ಲಿ. ನನ್ನ ಮುಂದೆ ಇನ್ನೊಬ್ಬರೇ ಇರೋದು. ಸ್ವಲ್ಪ ಬೇಗ ಹೇಳಿ."

ತೆರಿಗೆ ಇಲಾಖೆಯ ಆಫೀಸರಂತೆ, ಇವರಿಗೆ ಫೋನ್ ಮಾಡಿದ್ದನಂತೆ. ನೀನು ಪರೀಕ್ಷೆಯ ಫೀಸನ್ನು ತಪ್ಪಾಗಿ ಕಳೆದಿದ್ದೀಯ, ವಾರಂಟ್ ಹೊರಟಿದೆ, ಒಂದು ಗಂಟೆಯೊಳಗೆ ಪೊಲೀಸರು ಆಸ್ಪತ್ರೆಗೇ ಬಂದು ಎಲ್ಲರ ಮುಂದೆ ಕೋಳ ಹಾಕುತ್ತಾರೆ, ಈಗಲೇ ಗಿಫ್ಟ್ ಕಾರ್ಡು ಕೊಂಡು ನಂಬರು ಹೇಳಿದರೆ ಕೇಸು ಮುಚ್ಚುತ್ತೇನೆ ಎಂದಿದ್ದನಂತೆ. ಇದೆಲ್ಲವನ್ನೂ ಡಾಕ್ಟರು ಅದೇ ಮೆತ್ತನೆಯ ದನಿಯಲ್ಲಿ ಹೇಳಿದರು. ಹಲ್ಲು ಕಟಕಟ ಅನ್ನುವುದು ಮಾತ್ರ ಹಿಂದೆ ಕೇಳಿಸುತ್ತಿತ್ತು.

"ಡಾಕ್ಟ್ರೇ," ನಾನು ಕೂಗಿದೆ, "ನಿಮ್ಮ ರಿಟರ್ನ್ ಇನ್ನೂ ಕಳಿಸೇ ಇಲ್ಲ! ಇಲ್ಲೇ ನನ್ನ ಮೇಜಿನ ಮೇಲಿದೆ, ಅದರ ಮೇಲೆ ನನ್ನ ಕಾಫಿ ಲೋಟ ಇದೆ! ಕಳಿಸದೇ ಇರೋ ರಿಟರ್ನಿಗೆ ವಾರಂಟ್ ಎಲ್ಲಿಂದ ಬರತ್ತೆ? ಫೋನ್ ಮಾಡಿದೋನು ಕಳ್ಳ! ಮೊದಲು ಕ್ಯೂ ಬಿಟ್ಟು ಹೊರಗೆ ಬನ್ನಿ!"

ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಆ ಕಡೆ ಯಾರೋ "ನೆಕ್ಸ್ಟ್!" ಅಂದದ್ದು, ಇವರು "ಸಾರಿ" ಅಂದದ್ದು ಕೇಳಿಸಿತು.

ಮಾರನೇ ದಿನ ಆಫೀಸಿಗೆ ಬಂದು ತಲೆ ತಗ್ಗಿಸಿ ಕೂತರು. "ನಾಚಿಕೆ ಆಗತ್ತೆ ಆಂಟಿ. ಹೆದರಿದೋರಿಗೆ ಧೈರ್ಯ ಹೇಳೋದೇ ನನ್ನ ಕೆಲಸ. ದಿನಾ ಪೇಷೆಂಟುಗಳಿಗೆ ಹೇಳ್ತೀನಿ, ಭಯ ಆದಾಗ ಏನೂ ನಿರ್ಧಾರ ಮಾಡಬೇಡಿ, ಕಣ್ಣು ಮುಚ್ಚಿ ನಿಧಾನವಾಗಿ ಹತ್ತರ ತನಕ ಎಣಿಸಿ ಅಂತ."

"ನೀವೂ ಹಾಗೇ ಎಣಿಸಬೇಕಿತ್ತು," ಅಂದೆ.

"ಎಣಿಸಿದೆ ಆಂಟಿ. ಸರಿಯಾಗಿ ಹತ್ತು ಕಾರ್ಡು ಎಣಿಸಿ ಬುಟ್ಟಿಗೆ ಹಾಕ್ಕೊಂಡೆ."

೫. ವಿಚಾರಣೆ

ಇದು ನನಗೇ ಬಂದ ಕಷ್ಟ. ಇಷ್ಟು ವರ್ಷದಲ್ಲಿ ನಾನು ಇಷ್ಟು ಹೆದರಿದ್ದು ಇನ್ನೊಂದಿಲ್ಲ.

ವಿಜಾಪುರದ ಕಡೆಯ ಹುಡುಗ, ಎಮರ್ಜೆನ್ಸಿ ವಿಭಾಗದ ರೆಸಿಡೆಂಟ್, ಕೊನೆಯ ವರ್ಷ. ತಾನು ಮಾಡುತ್ತಿರುವ ಕೆಲಸಕ್ಕಾಗಿಯೇ ಸ್ಯಾನ್ ಡಿಯಾಗೋದಲ್ಲಿ ಐದು ದಿನದ ಒಂದು ಕೋರ್ಸು ಮಾಡಿದ್ದ, ತನ್ನ ವಿಭಾಗದ ಒಂದು ಪರೀಕ್ಷೆಗೂ ಕಟ್ಟಿದ್ದ. ಆಸ್ಪತ್ರೆ ಅದರ ಖರ್ಚು ಕೊಟ್ಟಿರಲಿಲ್ಲ. ಕ್ಯಾಲಿಫೋರ್ನಿಯಾ ಒಪ್ಪುತ್ತದೆ, ಹಾಕಬಹುದು ಅಂದವಳು ನಾನು. ರಾಜ್ಯದ ರಿಟರ್ನಿನಲ್ಲಿ ಹಾಕಿದವಳೂ ನಾನು. ತಯಾರಿಸಿದವರ ಜಾಗದಲ್ಲಿ ನನ್ನ ಸಹಿ.

ವಿಚಾರಣೆಗೆ ಬನ್ನಿ, ದಾಖಲೆಗಳನ್ನು ತನ್ನಿ ಎಂದು ರಾಜ್ಯದ ತೆರಿಗೆ ಇಲಾಖೆಯಿಂದ ಕಾಗದ ಬಂತು.

ಹುಡುಗ ಕಾಗದ ಹಿಡಿದು ಬಂದಾಗ ಮುಖ ಬಿಳಿಚಿಕೊಂಡಿತ್ತು. "ಆಂಟಿ, ನಂಗ ಭಾಳ ಹೆದರಿಕಿ ಆಗ್ಲಿಕತ್ತದ. ಮುಂದಿನ ತಿಂಗಳ ವೀಸಾ ರಿನ್ಯೂ ಮಾಡಸೂದು ಐತಿ. ಇದರಾಗ ಏನರ ಹೆಚ್ಚು ಕಮ್ಮಿ ಆದ್ರ ಮುಗೀತು, ನಾ ಊರಿಗೆ ಹೋಗೋದ. ಎಂಟು ವರ್ಷದ ಓದು ಆಂಟಿ."

ಅವನಿಗೆ ಏನೂ ಆಗುವುದಿಲ್ಲ ಅಂದೆ. ಬಾಯಿ ಅಂದಿತು, ಒಳಗೆ ಎದೆ ಬೇರೆ ಏನೋ ಹೇಳುತ್ತಿತ್ತು. ನಿಯಮದ ಪುಸ್ತಕವನ್ನು ಮತ್ತೆ ಮತ್ತೆ ಓದಿದೆ. ಪ್ರತಿ ಸಲ ಓದಿದಾಗಲೂ ನಾನು ಮಾಡಿದ್ದು ಸರಿ ಅನ್ನಿಸುತ್ತಿತ್ತು, ಪುಸ್ತಕ ಮುಚ್ಚಿದ ಕೂಡಲೇ ತಪ್ಪು ಅನ್ನಿಸುತ್ತಿತ್ತು. ವಿಚಾರಣೆಯ ದಿನ ಬೆಳಿಗ್ಗೆ ನಮ್ಮ ಯಜಮಾನರು ಉಪ್ಪಿಟ್ಟು ಮಾಡಿಟ್ಟಿದ್ದರು. ಒಂದು ಚಮಚ ಬಾಯಿಗಿಟ್ಟೆ, ಇಳಿಯಲಿಲ್ಲ. "ಉಪ್ಪು ಜಾಸ್ತಿ ಆಯ್ತಾ?" ಅಂತ ಅವರು. ಉಪ್ಪೋ ಸಪ್ಪೆಯೋ ನನಗೆ ಗೊತ್ತೇ ಆಗಿರಲಿಲ್ಲ.

ಓಕ್ಲೆಂಡಿನ ಆ ಸರ್ಕಾರಿ ಕಟ್ಟಡದ ಪಾರ್ಕಿಂಗಿನಲ್ಲಿ ಹುಡುಗ ಕಾದಿದ್ದ. ಜೊತೆಯಲ್ಲಿ ಅವನ ತಂದೆ. ವಿಜಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟವರು, ಮಗನನ್ನು ನೋಡಲು ಬಂದಿದ್ದರು. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಜುಬ್ಬಾ, ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಒಂದು ಪೆಟ್ಟಿಗೆ.

"ಅದೇನು ಸರ್ ಪೆಟ್ಟಿಗೇಲಿ?" ನನಗೆ ಅನುಮಾನ ಬಂತು.

"ಸಾಹೇಬರಿಗ್ರೀ ಅಕ್ಕಾರ. ಅಮೀನಗಡದಿಂದ ತಂದದ್ದು."

ನಾನು ಪೆಟ್ಟಿಗೆಗೆ ಕೈ ಹಾಕಿದೆ. "ಅಯ್ಯೋ ಬೇಡ ಸರ್! ಇಲ್ಲಿ ಆಫೀಸರಿಗೆ ಏನೂ ಕೊಡಬಾರದು. ಲಂಚ ಅಂತಾರೆ! ನಮ್ಮನ್ನೆಲ್ಲ ಒಳಗೆ ಹಾಕ್ತಾರೆ!"

"ಲಂಚ ಅಲ್ರೀ ಅಕ್ಕಾರ," ಅವರಿಗೆ ನಿಜಕ್ಕೂ ನೋವಾಯಿತು. "ಕರದಂಟ್ರೀ!"

"ಕರದಂಟೇ ಇರಲಿ, ಲಡ್ಡೇ ಇರಲಿ ಸರ್, ಯಾವ ಸಿಹಿಯೂ ಬೇಡ."

"ನಮ್ಮ ಅಂಗಡಿಗೆ ಟ್ಯಾಕ್ಸಿನ ಸಾಹೇಬರು ಬಂದಾಗ ಚಾ ಸೈತ ಕುಡಸದ ನಾ ಯಾರನ್ನೂ ಕಳಿಸಿಲ್ಲ. ಖಾಲಿ ಕೈಲೆ ಹ್ಯಾಂಗ ಹೋಗೂದು? ಅವರರ ಏನ ತಿಳ್ಕೊಂಡಾರು?"

ಅವರ ಕೈಯಿಂದ ಪೆಟ್ಟಿಗೆ ಬಿಡಿಸಿ ಕಾರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕುವಷ್ಟರಲ್ಲಿ ನನ್ನ ಸೀರೆಯ ನೆರಿಗೆ ಅರ್ಧ ಬಿಚ್ಚಿತ್ತು. ಮಗ ಇದ್ಯಾವುದನ್ನೂ ನೋಡುತ್ತಿರಲಿಲ್ಲ. ಡ್ಯೂಟಿ ಮುಗಿಸಿ ಸೀದಾ ಬಂದಿದ್ದ, ಏನೂ ತಿಂದಿರಲಿಲ್ಲ. ಗೋಡೆಗೆ ಒರಗಿ ನಿಂತು ತನ್ನ ನಾಡಿಯನ್ನು ತಾನೇ ಹಿಡಿದು ನೋಡಿಕೊಳ್ಳುತ್ತಿದ್ದ.

"ಎಷ್ಟಿದೆ?" ಅಂದೆ.

"ಹೇಳಿದ್ರ ನೀವು ಹೆದರ್ತೀರಿ," ಅಂದ.

ಒಳಗೆ ಕರೆದರು. ಹುಡುಗನ ಒಪ್ಪಿಗೆ ಕೇಳಿ ತಂದೆಯನ್ನೂ ಜೊತೆಗೆ ಕೂರಲು ಬಿಟ್ಟರು. ಆಫೀಸರು ನನ್ನ ವಯಸ್ಸಿನವರೇ ಒಬ್ಬ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ. ನಗಲಿಲ್ಲ, ಸಿಡುಕಲೂ ಇಲ್ಲ. ಒಂದೊಂದೇ ರಸೀದಿ ತೆಗೆದು ನೋಡಿದರು. ಈಗ ಏನು ಕೇಳುತ್ತಾರೋ, ಈಗ ಏನು ಹಿಡಿಯುತ್ತಾರೋ ಎಂದು ನಾನು ಅವರ ಪೆನ್ನಿನ ತುದಿಯನ್ನೇ ನೋಡುತ್ತಿದ್ದೆ.

"ಈ ಕೋರ್ಸು ಐದು ದಿನದ್ದು," ಆಫೀಸರು ತಲೆಯೆತ್ತಿದರು. "ಐದು ದಿನವೂ ತರಗತಿಗೆ ಹೋಗಿದ್ದೀರಾ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಹಾಜರಿಯ ಪತ್ರವೂ ಅಲ್ಲೇ ಇತ್ತು. ಹುಡುಗನಿಗೆ ಆ ಕಣ್ಣುಗಳನ್ನು ನೋಡಿ ಏನಾಯಿತೋ, "ಇಲ್ಲ ಮೇಡಂ," ಅಂದುಬಿಟ್ಟ. "ಮೂರನೇ ದಿನ ತರಗತಿ ಬೇಗ ಮುಗಿದಿತ್ತು. ಬೀಚಿಗೆ ಹೋಗಿದ್ದೆ. ಒಂದೂವರೆ ಗಂಟೆ. ನೀರಿಗೆ ಇಳಿದಿಲ್ಲ, ಬರೀ ಕಾಲು ಅದ್ದಿದೆ."

ಬಾಯಿ ಮುಚ್ಚು ಎಂದು ಮೇಜಿನ ಕೆಳಗೆ ಜೋರಾಗಿ ಒಂದು ಒದೆ ಕೊಟ್ಟೆ. ಆದರೆ ಒದೆ ಬಿದ್ದಿದ್ದು ತಂದೆಯ ಕಾಲಿಗೆ.

"ಯಾಕ್ರೀ ಅಕ್ಕಾರ?" ಅವರು ಬೆಚ್ಚಿ ಎದ್ದು ನಿಂತರು. "ನಾ ಏನಂದೆ? ನಾ ಸುಮ್ನ ಕುಂತೀನಲ್ರೀ!"

ಆಫೀಸರು ಕನ್ನಡಕದ ಮೇಲಿಂದ ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದರು. ನನಗೆ ಬೆನ್ನಲ್ಲಿ ತಣ್ಣಗೆ ಬೆವರಿಳಿಯಿತು. ಮುಗಿಯಿತು ಅಂದುಕೊಂಡೆ. ಬೋರ್ಡು ಇಳಿಸಬೇಕು, ಗ್ರೋಸರಿಯವರಿಗೆ ಕೋಣೆ ವಾಪಸ್ ಕೊಡಬೇಕು, ಮಕ್ಕಳಿಗೆ ಏನಂತ ಹೇಳುವುದು? ಈ ಹುಡುಗನ ಎಂಟು ವರ್ಷವನ್ನು ನನ್ನ ಕೈಯಾರೆ ಹಾಳು ಮಾಡಿದೆನಲ್ಲಾ!

ಆಫೀಸರು ಒಂದು ರಸೀದಿಯನ್ನು ಎತ್ತಿ ಪಕ್ಕಕ್ಕಿಟ್ಟರು. ಬೀಚಿನ ಹತ್ತಿರ ತಿಂದ ಮೀನಿನ ಊಟದ್ದು. "ಇದೊಂದು ಬರುವುದಿಲ್ಲ," ಅಂದರು. ಉಳಿದದ್ದನ್ನೆಲ್ಲ ಜೋಡಿಸಿ ಕ್ಲಿಪ್ಪು ಹಾಕಿದರು. "ಮಿಕ್ಕಿದ್ದೆಲ್ಲ ಸರಿಯಾಗಿದೆ. ಚೆನ್ನಾಗಿ ಇಟ್ಟಿದ್ದೀರಿ. ಆಯಿತು ಡಾಕ್ಟರ್, ನೀವಿನ್ನು ಹೊರಡಬಹುದು."

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ತಂದೆಗೆ ಇಂಗ್ಲಿಷು ಅಷ್ಟು ಬಾರದು, ಆದರೆ ನನ್ನ ಮುಖ ನೋಡಿ ತಿಳಿದುಕೊಂಡು ಎರಡೂ ಕೈ ಮೇಲಕ್ಕೆತ್ತಿದರು. ಹುಡುಗ ಎದ್ದು ನಿಂತ. ಆಫೀಸರ ಕೈ ಕುಲುಕಲು ಕೈ ಚಾಚಿದ. ಚಾಚಿದವನು ಹಾಗೆಯೇ ಕಡಿದ ಬಾಳೆಗಿಡದ ಹಾಗೆ ಕಾರ್ಪೆಟ್ಟಿನ ಮೇಲೆ ಉದ್ದಕ್ಕೆ ಬಿದ್ದ.

"ಯಾ ಅಲ್ಲಾ!" ತಂದೆ ಮಂಡಿಯೂರಿ ಮಗನ ತಲೆ ಹಿಡಿದುಕೊಂಡರು. ನಾನು ನೀರಿಗಾಗಿ ಬ್ಯಾಗು ತಡಕಾಡಿದೆ, ಕೈಗೆ ಸಿಕ್ಕಿದ್ದು ಸ್ಟೇಪ್ಲರು. ಅಷ್ಟು ಹೊತ್ತು ಅಲುಗಾಡದೆ ಕೂತಿದ್ದ ಆಫೀಸರೂ ಗಾಬರಿಯಾದರು. ಕನ್ನಡಕ ಕೆಳಗೆ ಬಿತ್ತು. ಬಾಗಿಲು ತೆರೆದು, ಕಾರಿಡಾರಿನ ತುಂಬ ಕೇಳುವ ಹಾಗೆ ಕೂಗಿದರು.

"ಇಲ್ಲಿ ಯಾರಾದರೂ ಡಾಕ್ಟರು ಇದ್ದೀರಾ?"

ಕಾರ್ಪೆಟ್ಟಿನ ಮೇಲೆ ಮಲಗಿದ್ದ ಹುಡುಗನ ಬಲಗೈ ನಿಧಾನಕ್ಕೆ ಮೇಲೆದ್ದಿತು. ಕಣ್ಣು ಇನ್ನೂ ಮುಚ್ಚಿಯೇ ಇತ್ತು.

"ನಾನಿದ್ದೀನಿ," ಅಂದ. "ಪೇಷೆಂಟ್ ಎಲ್ಲಿ?"